ತಲೆಯ ಮೇಲಿನ ಶೀಟು, ಎದೆಯೊಳಗಿನ ಧೂಳು
ಭವಾನಿಪುರಂನಿಂದ ಘಾಟ್ಕೋಪರ್‌ವರೆಗೆ ಕಲ್ನಾರಿನ ಕಥೆ

ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಕನಕದುರ್ಗೆಯ ದರ್ಶನ ಮುಗಿಸಿ ಹೈದರಾಬಾದ್ ರಸ್ತೆ ಹಿಡಿದವರಿಗೆ ಸ್ವಲ್ಪದರಲ್ಲೇ ಭವಾನಿಪುರಂ ಸಿಗುತ್ತದೆ. ಎಡಕ್ಕೆ ಕೃಷ್ಣಾ ನದಿ, ನದಿಯ ನಡುವೆ ಭವಾನಿ ದ್ವೀಪ, ಬಲಕ್ಕೆ ಗುಡ್ಡದ ಇಳಿಜಾರು. ಇಲ್ಲಿ ಅಪಾರ್ಟ್‌ಮೆಂಟುಗಳೂ ಇವೆ, ಅವುಗಳ ನೆರಳಿನಲ್ಲಿ ಬೂದು ಬಣ್ಣದ ಅಲೆಅಲೆ ಶೀಟು ಹೊದ್ದ ಸಣ್ಣ ಮನೆಗಳೂ ಇವೆ. ತೆಲುಗಿನಲ್ಲಿ ಇಂಥ ಮನೆಗೆ ‘ರೇಕುಲ ಇಲ್ಲು’ ಎನ್ನುತ್ತಾರೆ. ಕೂಲಿಯವರ ಮನೆ, ಚಹಾದಂಗಡಿ, ಗ್ಯಾರೇಜು, ದನದ ಕೊಟ್ಟಿಗೆ, ಹೋಟೆಲಿನ ಹಿಂಬದಿಯ ಅಡುಗೆಮನೆ, ಎಲ್ಲಕ್ಕೂ ಇದೇ ಸೂರು. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬೆಜವಾಡಕ್ಕೋ ವಿಶಾಖಪಟ್ಟಣಕ್ಕೋ ಮುಂಬಯಿಗೋ ಬಂದ ಕನ್ನಡಿಗರಲ್ಲಿ ಇಂಥ ಶೀಟಿನ ಕೆಳಗೆ ಒಂದಷ್ಟು ವರ್ಷ ಮಲಗಿ ಎದ್ದವರು ಕಡಿಮೆಯೇನಲ್ಲ.

ಈ ಶೀಟಿನೊಳಗೆ ಸಿಮೆಂಟಿನ ಜೊತೆ ಏನಿದೆ, ಅದನ್ನು ಕೊಯ್ದಾಗ ಏಳುವ ಧೂಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕೇಳಿದವರು ಮಾತ್ರ ಬಹಳ ಮಂದಿ ಇರಲಾರರು. ಕೇಳುವಂತೆ ಮಾಡಬೇಕಾದವರು ಹೇಳಲಿಲ್ಲ ಎಂಬುದೂ ನಿಜ.

ಕಲ್ಲಿನೊಳಗಿನ ನಾರು

ಆಸ್ಬೆಸ್ಟಾಸ್‌ಗೆ ಕನ್ನಡದಲ್ಲಿ ಒಳ್ಳೆಯ ಹೆಸರಿದೆ: ಕಲ್ನಾರು. ತೆಲುಗಿನವರೂ ಅದೇ ಅರ್ಥದಲ್ಲಿ ರಾತಿನಾರ ಎನ್ನುತ್ತಾರೆ. ಕಲ್ಲೇ, ಆದರೆ ಬಾಳೆನಾರಿನಂತೆ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವ ಕಲ್ಲು. ಬೆಂಕಿಗೆ ಸುಡದು, ಆಮ್ಲಕ್ಕೆ ಸುಲಭವಾಗಿ ಕರಗದು, ನೂಲಿನಂತೆ ನೇಯಬಹುದು, ಸಿಮೆಂಟಿಗೆ ಬೆರೆಸಿದರೆ ತೆಳುವಾದ ಹಲಗೆಗೂ ಬಲ ಕೊಡುತ್ತದೆ. ಬಿಳಿ, ಕಂದು, ನೀಲಿ ಎಂದು ವ್ಯಾಪಾರದಲ್ಲಿ ಮುಖ್ಯವಾಗಿ ಮೂರು ಬಗೆ. ನಮ್ಮ ದೇಶದ ಚಾವಣಿ ಶೀಟುಗಳಿಗೆ ಈಗ ಬಳಸುವುದು ಬಿಳಿಯದು, ಅಂದರೆ ಕ್ರಿಸೊಟೈಲ್. ಒಂದು ಶೀಟಿನ ತೂಕದಲ್ಲಿ ನಾರಿನ ಪಾಲು ಸಾಮಾನ್ಯವಾಗಿ ಹತ್ತನೇ ಒಂದರ ಆಸುಪಾಸು. ಉಳಿದದ್ದು ಸಿಮೆಂಟು ಮತ್ತು ಉಷ್ಣ ವಿದ್ಯುತ್ ಸ್ಥಾವರಗಳಿಂದ ಬರುವ ಹಾರುಬೂದಿ.

ಭವಾನಿಪುರಂನಿಂದ ಅದೇ ಹೈದರಾಬಾದ್ ರಸ್ತೆಯಲ್ಲಿ ಗೊಲ್ಲಪೂಡಿ ದಾಟಿ ಮುಂದೆ ಹೋದರೆ ಇಬ್ರಾಹಿಂಪಟ್ಟಣ, ಅದರ ಪಕ್ಕದಲ್ಲಿ ಕೊಂಡಪಲ್ಲಿ. ಕೊಂಡಪಲ್ಲಿ ಎಂದೊಡನೆ ಎಲ್ಲರಿಗೂ ನೆನಪಾಗುವುದು ಹಗುರ ಮರದ ಬಣ್ಣದ ಗೊಂಬೆಗಳು. ಆದರೆ ಈ ಪ್ರದೇಶ ಒಂದು ದೊಡ್ಡ ಕೈಗಾರಿಕಾ ಪಟ್ಟಿಯೂ ಹೌದು. ಇಲ್ಲಿ ಡಾ. ನಾರ್ಲ ತಾತಾರಾವ್ ಉಷ್ಣ ವಿದ್ಯುತ್ ಸ್ಥಾವರವಿದೆ, ಸಿಮೆಂಟ್ ಶೀಟು ತಯಾರಿಸುವ ಕಾರ್ಖಾನೆಗಳೂ ನೆಲೆಯೂರಿವೆ. ನಾರು ಬರುವುದು ಮಾತ್ರ ಹೊರದೇಶದಿಂದ, ಹೆಚ್ಚಾಗಿ ರಷ್ಯ, ಕಜಕಸ್ತಾನ, ಬ್ರೆಜಿಲ್‌ಗಳಿಂದ. ಇತ್ತೀಚಿನ ವರ್ಷಗಳಲ್ಲಿ ಭಾರತ ವರ್ಷಕ್ಕೆ ಮೂರು ಲಕ್ಷ ಟನ್ನಿಗೂ ಹೆಚ್ಚು ಕಲ್ನಾರನ್ನು ತರಿಸಿಕೊಂಡಿದೆ. ಬ್ರೆಜಿಲ್ ತನ್ನ ನೆಲದಲ್ಲಿ ಅದರ ಬಳಕೆಯನ್ನು 2017ರಲ್ಲಿ ನಿಷೇಧಿಸಿತು, ರಫ್ತು ಮಾತ್ರ ಅನಂತರವೂ ನಡೆಯಿತು. ತನ್ನ ಮಕ್ಕಳಿಗೆ ಬೇಡವಾದ ತಿಂಡಿಯನ್ನು ಪಕ್ಕದ ಮನೆಗೆ ಮಾರುವ ವ್ಯಾಪಾರವಿದು ಎಂದು ಯಾರಾದರೂ ಅಂದರೆ ತಪ್ಪು ಹಿಡಿಯುವುದು ಕಷ್ಟ.

ನಮ್ಮಲ್ಲಿ ಕಲ್ನಾರು ಇರಲಿಲ್ಲ ಎಂದಲ್ಲ. ಆಂಧ್ರದ ಕಡಪಾ ಜಿಲ್ಲೆಯ ಪುಲಿವೆಂದುಲದ ಸುತ್ತ ಸುಣ್ಣಕಲ್ಲಿನ ಪದರಗಳ ನಡುವೆ ಬಿಳಿ ಕಲ್ನಾರು ಸಿಗುತ್ತಿತ್ತು, ಅಲ್ಲಿ ಗಣಿಗಳಿದ್ದವು. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆ ಅದರ ನಿಕ್ಷೇಪಗಳಿವೆ. ಜಾರ್ಖಂಡಿನ ಚಾಯಿಬಾಸಾ ಬಳಿಯ ರೋರೋ ಗುಡ್ಡದ ಗಣಿ 1983ರಲ್ಲಿ ಮುಚ್ಚಿತು. ಮುಚ್ಚಿದವರು ಹೊರಟುಹೋದರು, ನಾರು ಬೆರೆತ ಕಲ್ಲುಪುಡಿಯ ರಾಶಿ ಗುಡ್ಡದ ಮೈಮೇಲೆ ಉಳಿಯಿತು. 1986ರಲ್ಲಿ ಕೇಂದ್ರ ಸರಕಾರ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು, 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಅಂದರೆ ನೆಲದಿಂದ ಅಗೆದು ತೆಗೆಯುವುದು ಅಪಾಯ ಎಂದು ಒಪ್ಪಿದಂತಾಯಿತು. ಹಡಗಿನಲ್ಲಿ ತರಿಸಿ ಶೀಟು ಮಾಡುವುದಕ್ಕೆ ಅಡ್ಡಿಯಾಗಲಿಲ್ಲ. ಈ ಎರಡರ ನಡುವಿನ ತರ್ಕವನ್ನು ತಿಳಿದವರು ವಿವರಿಸಬೇಕಷ್ಟೆ.

ಮೂವತ್ತು ವರ್ಷದ ಠೇವಣಿ

ಕಲ್ನಾರಿನ ರೋಗ ಬೇರೆ ಕಾಯಿಲೆಗಳಂತೆ ಇವತ್ತು ತಗಲಿ ನಾಳೆ ಜ್ವರ ಬರಿಸುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ದೀರ್ಘಾವಧಿ ಠೇವಣಿ. ಇಟ್ಟದ್ದು ಇಪ್ಪತ್ತರ ಹರೆಯದಲ್ಲಿ, ಪಕ್ವವಾಗುವುದು ಐವತ್ತು ಅರವತ್ತರಲ್ಲಿ, ಮತ್ತು ಅವಧಿಗೆ ಮೊದಲು ಅದನ್ನು ವಾಪಸು ಪಡೆಯುವ ಸೌಲಭ್ಯ ಇಲ್ಲ.

ನಡೆಯುವುದಿಷ್ಟು. ಕಲ್ನಾರಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ. ಮೂಗಿನ ಕೂದಲು, ಗಂಟಲಿನ ಲೋಳೆ ಇವುಗಳ ಕಾವಲು ದಾಟಿ ಅವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯಬಲ್ಲವು. ಅಲ್ಲಿ ಹೊರಗಿನ ಕಸವನ್ನು ನುಂಗಿ ಕರಗಿಸುವ ರಕ್ಷಕ ಕೋಶಗಳಿವೆ. ಉದ್ದನೆಯ ಕಲ್ಲಿನ ಎಳೆಯನ್ನು ಅವು ಪೂರ್ತಿ ನುಂಗಲಾರವು, ಕರಗಿಸಲೂ ಆರವು. ಮೀನಿನ ಮುಳ್ಳು ಗಂಟಲಲ್ಲಿ ಸಿಕ್ಕಂತೆ ಅರ್ಧ ನುಂಗಿ ತಾವೇ ಸಾಯುತ್ತವೆ. ಸಾಯುವಾಗ ಬಿಡುಗಡೆಯಾಗುವ ರಾಸಾಯನಿಕಗಳಿಂದ ಸುತ್ತಲಿನ ಮೃದು ಭಾಗ ಉರಿಯೂತಗೊಂಡು ಕ್ರಮೇಣ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಸ್ಪಂಜಿನಂತಿರಬೇಕಾದ ಶ್ವಾಸಕೋಶ ಒಣಗಿದ ಚರ್ಮದಂತಾಗುತ್ತದೆ. ಇದೇ ಆಸ್ಬೆಸ್ಟೋಸಿಸ್. ಕೆಲಸ ಬಿಟ್ಟ ಮೇಲೂ ಒಳಗೆ ಉಳಿದ ಎಳೆಗಳು ತಮ್ಮ ಕೆಲಸ ಬಿಡುವುದಿಲ್ಲವಾದ್ದರಿಂದ ರೋಗ ಮುಂದುವರಿಯಬಹುದು.

ಮೊದಲ ಲಕ್ಷಣ ಏದುಸಿರು. ಇಂದ್ರಕೀಲಾದ್ರಿಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವನು ಅರ್ಧದಲ್ಲಿ ಕೂರುತ್ತಾನೆ. ‘ವಯಸ್ಸಾಯಿತು’ ಎಂದುಕೊಳ್ಳುತ್ತಾನೆ. ಬಳಿಕ ಕಫವಿಲ್ಲದ ಒಣ ಕೆಮ್ಮು, ಎದೆ ಬಿಗಿತ, ಕೆಲವರಲ್ಲಿ ಬೆರಳ ತುದಿ ದಪ್ಪಗಾಗಿ ಉಗುರು ಡೊಂಕಾಗುವುದು. ವೈದ್ಯರು ಬೆನ್ನಿನ ಕೆಳಭಾಗಕ್ಕೆ ಸ್ಟೆತೊಸ್ಕೋಪ್ ಇಟ್ಟರೆ ಉಸಿರೆಳೆದಾಗ ಚರಚರ ಸದ್ದು ಕೇಳುತ್ತದೆ.

ಆಸ್ಬೆಸ್ಟೋಸಿಸ್ ಒಂದೇ ಅಲ್ಲ. ಶ್ವಾಸಕೋಶದ ಕ್ಯಾನ್ಸರ್, ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್, ಇವಕ್ಕೂ ಕಲ್ನಾರು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಖಚಿತಪಡಿಸಿದೆ, ಬಿಳಿ ಬಗೆಯೂ ಸೇರಿದಂತೆ. ಶ್ವಾಸಕೋಶವನ್ನೂ ಹೊಟ್ಟೆಯ ಒಳಗನ್ನೂ ಸುತ್ತಿರುವ ತೆಳುಪೊರೆಗೆ ಬರುವ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರಂತೂ ಕಲ್ನಾರಿನ ಸಹಿಯೇ ಇದ್ದಂತೆ, ಬೇರೆ ಕಾರಣದಿಂದ ಬರುವುದು ಅಪರೂಪ. ಧೂಳು ಕುಡಿದ ಇಪ್ಪತ್ತರಿಂದ ಐವತ್ತು ವರ್ಷಗಳ ಬಳಿಕ ಅದು ಕಾಣಿಸಿಕೊಳ್ಳಬಹುದು, ಕಾಣಿಸಿದ ಮೇಲೆ ಬದುಕುವ ಕಾಲ ಹೆಚ್ಚಿನವರಿಗೆ ಒಂದೆರಡು ವರ್ಷವೂ ಅಲ್ಲ. ಉದ್ಯೋಗದಲ್ಲಿ ತಗಲಿದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೀಡಿ, ಸಿಗರೇಟು ಸೇದುವವರಿಗೆ ಇನ್ನೊಂದು ಲೆಕ್ಕವಿದೆ. ಅಮೆರಿಕದ ಡಾ. ಇರ್ವಿಂಗ್ ಸೆಲಿಕಾಫ್ ಮತ್ತು ಸಂಗಡಿಗರು ಶಾಖನಿರೋಧಕ ಹೊದಿಕೆ ಹಾಕುವ ಕಾರ್ಮಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ 1979ರಲ್ಲಿ ಪ್ರಕಟಿಸಿದ ಅಂಕಿಗಳು ಹೀಗಿವೆ. ಕಲ್ನಾರೂ ಇಲ್ಲದ, ಸಿಗರೇಟೂ ಇಲ್ಲದ ಮನುಷ್ಯನಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 1 ಎಂದಿಟ್ಟುಕೊಂಡರೆ, ಕಲ್ನಾರು ಮಾತ್ರ ಇದ್ದವನಿಗೆ ಅದು ಸುಮಾರು 5, ಸಿಗರೇಟು ಮಾತ್ರ ಇದ್ದವನಿಗೆ 11ರಷ್ಟು. ಎರಡೂ ಇದ್ದವನಿಗೆ 16 ಆಗಬೇಕಿತ್ತಲ್ಲವೇ? ಆಗಿದ್ದು 53. ಇಲ್ಲಿ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಕಲ್ನಾರಿನ ಕೆಲಸ ಮಾಡಿದವರು ಇವತ್ತಿನಿಂದ ಬೀಡಿ ಬಿಟ್ಟರೂ ಆ ಗುಣಕವನ್ನು ಇಳಿಸಿಕೊಳ್ಳಬಹುದು. ಒಳಗಿನ ಎಳೆಯನ್ನು ತೆಗೆಯುವ ಮದ್ದು ಯಾರ ಬಳಿಯೂ ಇಲ್ಲ, ಬೀಡಿ ಬಿಡುವುದು ಮಾತ್ರ ಮನುಷ್ಯನ ಕೈಯಲ್ಲಿದೆ.

ರಾಚ್‌ಡೇಲಿನಿಂದ ಘಾಟ್ಕೋಪರ್‌ಗೆ

ಇದೆಲ್ಲ ಹೊಸ ಸಂಶೋಧನೆ ಎಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು 1924ರ ಮಾರ್ಚಿನಲ್ಲಿ 33ನೇ ವಯಸ್ಸಿಗೆ ತೀರಿಕೊಂಡಳು. ಆಕೆಯ ಶ್ವಾಸಕೋಶವನ್ನು ಪರೀಕ್ಷಿಸಿದ ಡಾ. ವಿಲಿಯಂ ಕುಕ್ ಅದರಲ್ಲಿ ಕಲ್ನಾರಿನ ಕಣಗಳನ್ನು ಕಂಡು ವೈದ್ಯಪತ್ರಿಕೆಯಲ್ಲಿ ಬರೆದರು. ಕಂಪನಿ ಹೊಣೆ ಒಪ್ಪಲಿಲ್ಲ, ಪರಿಹಾರ ಕೊಡಲಿಲ್ಲ. 1930ರಲ್ಲಿ ಸರಕಾರಿ ವರದಿಯೇ ಬಂತು, ಮರುವರ್ಷ ಬ್ರಿಟನ್ ಧೂಳು ನಿಯಂತ್ರಣ ನಿಯಮಗಳನ್ನು ತಂದಿತು. 1960ರಲ್ಲಿ ದಕ್ಷಿಣ ಆಫ್ರಿಕದ ಡಾ. ಕ್ರಿಸ್ ವಾಗ್ನರ್ ಮತ್ತು ಸಂಗಡಿಗರು ನೀಲಿ ಕಲ್ನಾರಿನ ಗಣಿ ಪ್ರದೇಶದ 33 ಮೀಸೊಥೀಲಿಯೋಮಾ ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಗೆ ಕಾಲಿಡದೆ ಕೇವಲ ಆ ಊರಿನಲ್ಲಿ ಬದುಕಿದವರೂ ಇದ್ದರು.

ರಾಚ್‌ಡೇಲಿನ ಆ ಕಂಪನಿ ಮುಂದೆ ಟರ್ನರ್ ಆಂಡ್ ನ್ಯೂವಾಲ್ ಎಂಬ ದೊಡ್ಡ ಬಳಗದ ಭಾಗವಾಯಿತು. ಮುಂಬಯಿಯ ಘಾಟ್ಕೋಪರ್‌ನಲ್ಲಿ ಬ್ರೇಕ್ ಲೈನರ್, ಕಲ್ನಾರಿನ ಬಟ್ಟೆ ಮುಂತಾದವನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೆರೋಡೊದಲ್ಲಿ ಈ ಬಳಗಕ್ಕೂ ಪಾಲಿತ್ತು. ಘಾಟ್ಕೋಪರ್, ವಿಕ್ರೋಲಿ, ಭಾಂಡುಪ್, ಮುಲುಂಡ್‌ಗಳ ಕಾರ್ಖಾನೆ ಸಾಲಿನಲ್ಲಿ ಹಗಲು ದುಡಿದು ಸಂಜೆ ರಾತ್ರಿಶಾಲೆಗೆ ಹೋದ ತುಳು-ಕನ್ನಡಿಗರ ಒಂದು ತಲೆಮಾರಿಗೆ ಆ ಗೇಟುಗಳ ಪರಿಚಯ ಇದ್ದೇ ಇದೆ. ಡಾ. ವಿ. ಮುರಳೀಧರ್ ಮತ್ತು ವಿಜಯ್ ಕಾನ್ಹೆರೆ ಅವರು ಮುಂಬಯಿಯ ಒಂದು ಕಲ್ನಾರು ಗಿರಣಿಯ 181 ಕಾರ್ಮಿಕರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ಸುಮಾರು ಶೇ. 22 ಮಂದಿಗೆ ಆಸ್ಬೆಸ್ಟೋಸಿಸ್ ಇತ್ತು. ಐದು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು. ಪರೀಕ್ಷೆ ನಡೆಯದೇ ಹೋಗಿದ್ದರೆ ಇವರೆಲ್ಲ ಕಾಗದದ ಮೇಲೆ ಆರೋಗ್ಯವಂತರೇ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನಮ್ಮಲ್ಲಿ ಒಣ ಕೆಮ್ಮು, ತೂಕ ಇಳಿಕೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಎಂದರೆ ಮೊದಲು ನೆನಪಾಗುವುದು ಕ್ಷಯ. ಕ್ಷಯ ಹೆಚ್ಚಿರುವ ದೇಶದಲ್ಲಿ ಹಾಗೆ ಸಂಶಯಪಡುವುದು ಸಹಜವೇ. ಆದರೆ ಕಫದಲ್ಲಿ ಕ್ರಿಮಿ ಸಿಗದೆ, ಆರು ತಿಂಗಳ ಮಾತ್ರೆ ಮುಗಿದರೂ ಏದುಸಿರು ನಿಲ್ಲದವನನ್ನು ‘ಹಿಂದೆ ಏನು ಕೆಲಸ ಮಾಡುತ್ತಿದ್ದೆ?’ ಎಂದು ಕೇಳುವ ವೈದ್ಯರು ಬೇಕು. ಅವರು ಕೇಳದಿದ್ದರೆ ರೋಗಿಯೇ ಹೇಳಬೇಕು. ‘1985ರಿಂದ ಹತ್ತು ವರ್ಷ ಶೀಟ್ ಕಾರ್ಖಾನೆಯ ಮಿಕ್ಸಿಂಗ್ ವಿಭಾಗದಲ್ಲಿದ್ದೆ’ ಎಂಬ ಒಂದು ವಾಕ್ಯ ಎಷ್ಟೋ ಪರೀಕ್ಷೆಗಳ ದಾರಿ ತಿರುಗಿಸಬಲ್ಲದು. ಎದೆಯ ಎಕ್ಸ್‌ರೇ ಜೊತೆಗೆ ಹೈ ರೆಸಲ್ಯೂಷನ್ ಸಿ.ಟಿ. ಸ್ಕ್ಯಾನ್, ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಅಳೆಯುವ ಸ್ಪೈರೋಮೆಟ್ರಿ, ಇವೆರಡರಿಂದ ಚಿತ್ರ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ರೋಗ ಇದೆ ಎಂದಾದರೆ ವಾಸಿಮಾಡುವ ಔಷಧ ಇಲ್ಲ ನಿಜ. ಧೂಳಿನಿಂದ ದೂರ ಇರುವುದು, ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ, ಉಸಿರಾಟದ ವ್ಯಾಯಾಮ, ಅಗತ್ಯ ಬಿದ್ದಾಗ ಆಮ್ಲಜನಕ, ಇವುಗಳಿಂದ ಇರುವ ಶಕ್ತಿಯನ್ನು ಉಳಿಸಿಕೊಳ್ಳಬಹುದು.

ಗಂಡನ ಅಂಗಿ ಒಗೆದವರು

ಕಾರ್ಖಾನೆಯ ಒಳಗೆ ಹೋಗದ ಹೆಂಗಸರಿಗೂ ಈ ಧೂಳು ತಲುಪಿದ ರೀತಿ ಕರುಳು ಚುರುಕ್ಕೆನ್ನಿಸುವಂಥದು. 1965ರಲ್ಲಿ ಲಂಡನ್ನಿನ ಮುರಿಯಲ್ ನ್ಯೂಹೌಸ್ ಮತ್ತು ಹಿಲ್ಡಾ ಥಾಂಪ್ಸನ್ ಅಲ್ಲಿನ ಆಸ್ಪತ್ರೆಯೊಂದರ ಮೀಸೊಥೀಲಿಯೋಮಾ ರೋಗಿಗಳ ಹಿನ್ನೆಲೆ ಕೆದಕಿದರು. ಕೆಲವರಿಗೆ ಕಲ್ನಾರಿನ ಕೆಲಸದ ಸಂಬಂಧವೇ ಇರಲಿಲ್ಲ. ಕೇಳುತ್ತಾ ಹೋದಾಗ ತಿಳಿದದ್ದು, ಅವರ ಮನೆಯ ಯಾರೋ ಕಲ್ನಾರಿನ ಕೆಲಸದಲ್ಲಿದ್ದರು, ಧೂಳು ತುಂಬಿದ ಆ ಕೆಲಸದ ಬಟ್ಟೆಯನ್ನು ಕೊಡವಿ ಒಗೆಯುತ್ತಿದ್ದವರು ಹೆಂಡತಿಯರು. ಇನ್ನು ಕೆಲವರು ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಾಗಿದ್ದವರು.

ಇದನ್ನು ಇಬ್ರಾಹಿಂಪಟ್ಟಣದ ಹಾದಿಯ ಯಾವ ಮನೆಗೂ, ಮುಲುಂಡಿನ ಯಾವ ಚಾಳಿಗೂ ಹೊಂದಿಸಿ ನೋಡಬಹುದು. ಡ್ಯೂಟಿ ಮುಗಿಸಿ ಬಂದವನು ಅಂಗಿಯನ್ನು ಗೂಟಕ್ಕೆ ನೇತುಹಾಕುತ್ತಾನೆ, ಮಗು ಓಡಿಬಂದು ಮಡಿಲೇರುತ್ತದೆ. ಇಲ್ಲಿ ಯಾರ ತಪ್ಪೂ ಇಲ್ಲ. ಕೆಲಸದ ಜಾಗದಲ್ಲೇ ಸ್ನಾನ, ಅಲ್ಲೇ ಬಟ್ಟೆ ಬದಲಾವಣೆ, ಅಲ್ಲೇ ಒಗೆತ ಎಂಬ ವ್ಯವಸ್ಥೆ ಮಾಲೀಕರದ್ದು. ಖಾಯಂ ಕಾರ್ಮಿಕರಿಗೆ ಅದು ಸಿಕ್ಕರೂ ಗುತ್ತಿಗೆ ಕೂಲಿಗಳಿಗೆ ಸಿಗುತ್ತದೆಯೇ ಎಂಬುದನ್ನು ಸಂಘಟನೆಗಳು ಕೇಳಬೇಕಾದ ಪ್ರಶ್ನೆ. ಗೋಣಿ ಹರಿದು ನಾರು ಸುರಿಯುವ, ನೆಲ ಗುಡಿಸುವ, ಒಡೆದ ಶೀಟು ಹೊರುವ ಕೆಲಸ ಸಾಮಾನ್ಯವಾಗಿ ಯಾರ ಪಾಲಿಗೆ ಬರುತ್ತದೆಂದು ಗೊತ್ತಿಲ್ಲದವರಿಲ್ಲ.

ಹಾಗಾದರೆ ಮನೆಯ ಶೀಟು?

ರೇಕುಲ ಇಲ್ಲಿನಲ್ಲಿ ಇರುವವರೆಲ್ಲ ಈಗಲೇ ಹೆದರಿ ಓಡಬೇಕೇ? ಹಾಗೇನಿಲ್ಲ. 2001ರ ಜನಗಣತಿಯಂತೆ ದೇಶದ ಶೇ. 11.6 ಮನೆಗಳಿಗೆ ತಗಡು ಅಥವಾ ಆಸ್ಬೆಸ್ಟಾಸ್ ಶೀಟಿನ ಚಾವಣಿ ಇತ್ತು. 2011ರ ಹೊತ್ತಿಗೆ ಅದು ಶೇ. 15.9ಕ್ಕೆ ಏರಿತು. ಹುಲ್ಲು, ತಾಳೆಗರಿಯ ಸೂರು ವರ್ಷವರ್ಷ ಸೋರಿ, ಬೇಸಿಗೆಯಲ್ಲಿ ಬೆಂಕಿಗೆ ಆಹುತಿಯಾಗುತ್ತಿದ್ದ ಕಡೆ ಈ ಶೀಟು ಬಡವನಿಗೆ ನೆಮ್ಮದಿಯ ನಿದ್ದೆ ಕೊಟ್ಟಿದೆ. ಅದನ್ನು ಮರೆತು ಮಾತನಾಡುವುದು ನ್ಯಾಯವಲ್ಲ. ಗಟ್ಟಿಯಾಗಿರುವ, ಮುಟ್ಟದೆ ಬಿಟ್ಟ ಶೀಟಿನಿಂದ ಬಿಡುಗಡೆಯಾಗುವ ನಾರು ತೀರ ಕಡಿಮೆ. ತಯಾರಕರು ಹೇಳುವುದೂ ಇದನ್ನೇ, ನಾರು ಸಿಮೆಂಟಿನಲ್ಲಿ ಬಂದಿಯಾಗಿದೆ ಎಂದು.

ಬಂದಿ ಬಿಡುಗಡೆಯಾಗುವುದು ಕೊಯ್ಯುವಾಗ, ತೂತು ಕೊರೆಯುವಾಗ, ಒಡೆಯುವಾಗ, ಮತ್ತು ಬಿಸಿಲು ಮಳೆಗೆ ಸವೆದು ಮೇಲ್ಮೈ ಪುಡಿಯಾಗುವಾಗ. ಕಾರ್ಖಾನೆಯಲ್ಲಿ ಎಷ್ಟೇ ಯಂತ್ರಗಳಿದ್ದರೂ ಶೀಟು ಗೇಟು ದಾಟಿದ ಮೇಲೆ ಅದರ ಯಜಮಾನ ಮೇಸ್ತ್ರಿ. ಅವನು ಕರೆಂಟಿನ ಕಟರ್ ಹಿಡಿದು ಬಿಳಿ ಮೋಡದ ನಡುವೆ ನಿಂತು, ಹೆಚ್ಚೆಂದರೆ ಮುಖಕ್ಕೆ ಟವೆಲು ಸುತ್ತಿ, ದಿನಕ್ಕೆ ಇಪ್ಪತ್ತು ಶೀಟು ಕೊಯ್ಯುತ್ತಾನೆ. ಬಟ್ಟೆಯ ಎಳೆಗಳ ನಡುವಿನ ಸಂದಿ ಕಲ್ನಾರಿಗೆ ಹೆಬ್ಬಾಗಿಲು.

ಬಿರುಗಾಳಿ, ನೆರೆಗಳ ಈ ಕರಾವಳಿಯಲ್ಲಿ ಮತ್ತೊಂದು ಚಿಂತೆ ಇದೆ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದಲ್ಲಿ ಮನೆ, ಶೆಡ್ಡುಗಳ ಶೀಟುಗಳು ಎಲೆಗಳಂತೆ ಹಾರಿದ್ದವು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ತೊರೆ ಉಕ್ಕಿ ವಿಜಯವಾಡದ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತಾಗ, ಅತ್ತ ಪ್ರಕಾಶಂ ಬ್ಯಾರೇಜಿನಲ್ಲಿ ಕೃಷ್ಣೆ 11 ಲಕ್ಷ ಕ್ಯೂಸೆಕ್ಸ್ ಮೀರಿ ಹರಿದಿದ್ದಳು. ಇಂಥ ವಿಪತ್ತಿನ ಮರುದಿನ ಎಲ್ಲರೂ ಮಾಡುವ ಕೆಲಸ ಒಂದೇ, ಒಡೆದದ್ದನ್ನು ಗುಡಿಸಿ ರಾಶಿ ಹಾಕುವುದು. ಸಂಘಸಂಸ್ಥೆಗಳ ಯುವಕರು ನೆರವಿಗೆ ಧಾವಿಸುವುದೂ ಆಗಲೇ. ಅವರು ತಿಳಿದಿರಬೇಕಾದದ್ದು ಸ್ವಲ್ಪವೇ ಇದೆ. ಶೀಟಿನ ತುಂಡುಗಳನ್ನು ಒಣಗಿದ್ದಾಗ ಗುಡಿಸಬಾರದು, ನೀರು ಚಿಮುಕಿಸಿ ನೆನೆಸಿ ಕೈಯಿಂದ ಎತ್ತಬೇಕು. ಸುತ್ತಿಗೆಯಿಂದ ಚಿಕ್ಕದು ಮಾಡಬಾರದು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟಿ, ಅದು ಏನೆಂದು ಹೇಳಿ ಪುರಸಭೆಯವರಿಗೆ ಒಪ್ಪಿಸಬೇಕು. ಎನ್-95ಕ್ಕಿಂತ ಕಡಿಮೆಯ ಮುಖಗವಸು ಪ್ರಯೋಜನವಿಲ್ಲ. ಒಡೆದ ಶೀಟನ್ನು ರಸ್ತೆ ಗುಂಡಿ ತುಂಬಲು, ಅಂಗಳ ಎತ್ತರಿಸಲು ಬಳಸುವ ಪದ್ಧತಿಯಂತೂ ನಿಲ್ಲಲೇಬೇಕು, ಯಾಕೆಂದರೆ ಪ್ರತಿ ಚಕ್ರ ಹಾದಾಗಲೂ ಅದು ಪುಡಿಯಾಗುತ್ತದೆ. ಪಾಚಿ ಹಿಡಿದ ಹಳೆಯ ಶೀಟನ್ನು ತಂತಿಬ್ರಷ್‌ನಿಂದ ಉಜ್ಜಿ ಸುಣ್ಣ ಬಳಿಯುವ ಹಬ್ಬದ ಉತ್ಸಾಹವೂ ಬೇಡ.

ಹೊಸ ಮನೆ, ಹೊಸ ಶೆಡ್ಡು ಕಟ್ಟುವವರಿಗೆ ಬದಲಿಗಳಿವೆ. ಬಣ್ಣದ ಉಕ್ಕಿನ ತಗಡು, ಕಲ್ನಾರಿಲ್ಲದ ಬೇರೆ ನಾರಿನ ಸಿಮೆಂಟ್ ಶೀಟು ಮಾರುಕಟ್ಟೆಯಲ್ಲಿ ದೊರೆಯುತ್ತವೆ, ಬೆಲೆ ತುಸು ಹೆಚ್ಚು. ಕರಾವಳಿಯವರಿಗಂತೂ 1865ರಲ್ಲೇ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಬಗ್ಗೆ ಹೇಳಬೇಕಾಗಿಲ್ಲ. ಅಜ್ಜನ ಮನೆಯ ಹಂಚು ಕೆಳಗಿಳಿಸಿ ‘ಖರ್ಚು ಕಡಿಮೆ’ ಎಂದು ಶೀಟು ಏರಿಸಿದವರು ಊರಿನಲ್ಲೂ ಇದ್ದಾರೆ.

ಬ್ರೇಕಿನ ಧೂಳು, ಹಡಗಿನ ಹೊದಿಕೆ

ವಿಜಯವಾಡದ ಇನ್ನೊಂದು ತುದಿಯಲ್ಲಿ ಆಟೋನಗರವಿದೆ. ಲಾರಿ ಬಾಡಿ ಕಟ್ಟುವ, ಎಂಜಿನ್ ಬಿಚ್ಚುವ, ಬ್ರೇಕ್ ದುರಸ್ತಿಯ ನೂರಾರು ಶೆಡ್ಡುಗಳ ಊರೇ ಅದು. ಹಳೆಯ ಕಾಲದ ಬ್ರೇಕ್ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಈಗ ದೊಡ್ಡ ಕಂಪನಿಗಳ ಹೊಸ ವಾಹನಗಳಿಗೆ ಹೆಚ್ಚಾಗಿ ಕಲ್ನಾರಿಲ್ಲದ ಲೈನರುಗಳು ಬಂದಿವೆ, ಆದರೆ ಡಬ್ಬಿಯ ಮೇಲೆ ಬರೆಯದ ಅಗ್ಗದ ಮಾಲಿನೊಳಗೆ ಏನಿದೆಯೆಂದು ಕಣ್ಣಿನಿಂದ ನೋಡಿ ಹೇಳಲಾಗದು. ಡ್ರಮ್ ಬಿಚ್ಚಿದ ಹುಡುಗ ಕಂಪ್ರೆಸರ್ ಪೈಪು ಹಿಡಿದು ಫುಸ್ಸೆಂದು ಗಾಳಿ ಬಿಟ್ಟು ಧೂಳು ಹಾರಿಸುವ ದೃಶ್ಯ ಆಟೋನಗರದಲ್ಲಿ ಮಾತ್ರವಲ್ಲ, ಕುರ್ಲಾದಲ್ಲೂ ಹುಬ್ಬಳ್ಳಿಯಲ್ಲೂ ನಿತ್ಯದ್ದು. ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಎರಡು ನಿಮಿಷ ಹೆಚ್ಚು ಬೇಕಾಗಬಹುದು, ಅಷ್ಟೆ.

ವಿಶಾಖಪಟ್ಟಣದ ಕಥೆ ಸಮುದ್ರದ್ದು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1941ರಲ್ಲಿ ಅಲ್ಲಿ ಹಡಗುಕಟ್ಟೆ ಸ್ಥಾಪಿಸಿದರು, ಇಂದಿನ ಹಿಂದೂಸ್ತಾನ್ ಶಿಪ್‌ಯಾರ್ಡ್ ಅದೇ. ಅಲ್ಲಿ ಕಟ್ಟಿದ ‘ಜಲ ಉಷಾ’ 1948ರಲ್ಲಿ ನೆಹರೂ ಅವರ ಹಸ್ತದಿಂದ ನೀರಿಗಿಳಿಯಿತು. ಆ ಕಾಲದಲ್ಲಿ ಜಗತ್ತಿನ ಎಲ್ಲೆಡೆ ಹಡಗಿನ ಬಾಯ್ಲರು, ಹಬೆ ಕೊಳವೆಗಳಿಗೆ ಕಲ್ನಾರಿನ ಹೊದಿಕೆಯೇ ರೂಢಿ. ಉಷ್ಣ ವಿದ್ಯುತ್ ಸ್ಥಾವರಗಳಲ್ಲೂ ಅಷ್ಟೆ. ಹೊಸ ಹಡಗುಗಳಲ್ಲಿ ಅದರ ಬಳಕೆಗೆ ಅಂತಾರಾಷ್ಟ್ರೀಯ ನಿಯಮ ಪೂರ್ಣ ತಡೆ ಹಾಕಿದ್ದು 2011ರ ಜನವರಿ 1ರಿಂದ. ಹಳೆಯ ಹಡಗು ಒಡೆಯುವಾಗ ಆ ಹೊದಿಕೆಯೆಲ್ಲ ಹೊರಬೀಳುತ್ತದೆ. ಫ್ರಾನ್ಸಿನ ಯುದ್ಧನೌಕೆ ‘ಕ್ಲೆಮೆನ್ಸೊ’ ಗುಜರಾತಿನ ಅಲಂಗ್‌ಗೆ ಹೊರಟು, ಗದ್ದಲವೆದ್ದು, 2006ರ ಫೆಬ್ರವರಿಯಲ್ಲಿ ಅಲ್ಲಿನ ಅಧ್ಯಕ್ಷ ಶಿರಾಕ್ ಅದನ್ನು ವಾಪಸು ಕರೆಸಿಕೊಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಒಂದು ಹಡಗು ಹಿಂದೆ ಹೋಯಿತು, ಬೇರೆ ಹಡಗುಗಳು ಬರುತ್ತಲೇ ಇದ್ದವು.

ಐರೋಪ್ಯ ಒಕ್ಕೂಟ 2005ರಲ್ಲಿ, ಜಪಾನ್ 2012ರಲ್ಲಿ, ದೊಡ್ಡ ಗಣಿಗಳ ಒಡೆಯನಾಗಿದ್ದ ಕೆನಡಾ 2018ರಲ್ಲಿ ಕಲ್ನಾರಿಗೆ ಬಾಗಿಲು ಮುಚ್ಚಿದವು. ಅಪಾಯಕಾರಿ ರಾಸಾಯನಿಕಗಳ ವ್ಯಾಪಾರಕ್ಕೆ ಸಂಬಂಧಿಸಿದ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಬಿಳಿ ಕಲ್ನಾರನ್ನು ಸೇರಿಸುವ ಪ್ರಸ್ತಾಪ ಸಭೆಯಿಂದ ಸಭೆಗೆ ಒಮ್ಮತ ಸಿಗದೆ ಬಿದ್ದುಹೋಗಿದೆ, 2025ರ ಸಭೆಯಲ್ಲೂ ಅಷ್ಟೇ. ಆ ಪಟ್ಟಿಗೆ ಸೇರಿದರೆ ನಿಷೇಧವೂ ಅಲ್ಲ, ತರಿಸಿಕೊಳ್ಳುವ ದೇಶಕ್ಕೆ ಅಪಾಯದ ವಿವರ ಮೊದಲೇ ತಿಳಿಸಬೇಕು ಎಂಬಷ್ಟೇ ಷರತ್ತು.

ಹಳೆಯ ಕಾಗದ ಎಸೆಯಬೇಡಿ

ಈ ದೇಶದ ಕಾರ್ಮಿಕನಿಗೆ ದೊಡ್ಡ ಆಸರೆ ಸಿಕ್ಕಿದ್ದು ಸುಪ್ರೀಂ ಕೋರ್ಟಿನಿಂದ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ದಾವೆಯಲ್ಲಿ 1995ರ ಜನವರಿ 27ರಂದು ಬಂದ ತೀರ್ಪನ್ನು ಬರೆದವರು ಆಂಧ್ರದವರೇ ಆದ ನ್ಯಾಯಮೂರ್ತಿ ಕೆ. ರಾಮಸ್ವಾಮಿ. ಕಾರ್ಮಿಕನ ಆರೋಗ್ಯ ಮತ್ತು ವೈದ್ಯಕೀಯ ನೆರವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಅದು ಸಾರಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಬಳಿಕ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕು. ಎಲ್ಲರಿಗೂ ಇಎಸ್‌ಐ ಅಥವಾ ಕಾರ್ಮಿಕ ಪರಿಹಾರ ಕಾನೂನಿನ ರಕ್ಷಣೆ ಇರಬೇಕು. ಆ ಪ್ರಕರಣದಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರೋಗ ದೃಢಪಡಿಸಿದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದಿತು. ಕಲ್ನಾರನ್ನೇ ನಿಷೇಧಿಸಿ ಎಂಬ ಮತ್ತೊಂದು ಅರ್ಜಿಯನ್ನು ಅದೇ ನ್ಯಾಯಾಲಯ 2011ರ ಜನವರಿಯಲ್ಲಿ ವಜಾ ಮಾಡಿತು, 1995ರ ನಿರ್ದೇಶನಗಳು ಮಾತ್ರ ಉಳಿದವು. ಆಸ್ಬೆಸ್ಟೋಸಿಸ್ ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಹಿಂದಿನ ಕಾರ್ಖಾನೆ ಕಾಯ್ದೆಯಲ್ಲಿತ್ತು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪಟ್ಟಿಯಲ್ಲೂ ಇದೆ.

ಹಕ್ಕು ಇದ್ದರೆ ಸಾಲದು, ಸಾಬೀತುಪಡಿಸಲು ಕಾಗದ ಬೇಕು. ಮೂವತ್ತು ವರ್ಷದ ಹಿಂದೆ ಆ ಕಾರ್ಖಾನೆಯಲ್ಲಿದ್ದೆ ಎಂದು ತೋರಿಸಲಾಗದೆ ಸೋಲುವವರೇ ಹೆಚ್ಚು. ಕಂಪನಿ ಹೆಸರು ಬದಲಾಗಿರುತ್ತದೆ, ಜಾಗ ಮಾಲ್ ಆಗಿರುತ್ತದೆ. ಆದುದರಿಂದ ನೇಮಕ ಪತ್ರ, ಇಎಸ್‌ಐ ಕಾರ್ಡು, ಪಿ.ಎಫ್. ಚೀಟಿ, ಸಂಬಳದ ಸ್ಲಿಪ್ಪು, ಯೂನಿಯನ್ ರಸೀದಿ, ವಾರ್ಷಿಕ ತಪಾಸಣೆಯ ಎಕ್ಸ್‌ರೇ, ಇವನ್ನು ಮನೆ ಬದಲಾಯಿಸುವಾಗ ರದ್ದಿಗೆ ಹಾಕಬಾರದು. ಏನೂ ಇಲ್ಲವೆಂದರೂ ಬ್ಯಾಂಕಿನ ಹಳೆಯ ಪಾಸ್‌ಬುಕ್ಕಿನಲ್ಲಿ ಸಂಬಳ ಜಮೆಯಾದ ಸಾಲು ಒಂದು ಪುರಾವೆಯೇ. ಗುತ್ತಿಗೆದಾರನ ಕೈಕೆಳಗೆ ದುಡಿದವರು ಜೊತೆಯ ನಾಲ್ವರ ಹೆಸರು, ವಿಭಾಗ, ವರ್ಷಗಳನ್ನಾದರೂ ಬರೆದಿಟ್ಟುಕೊಳ್ಳಬೇಕು. ರೋಗಿ ತೀರಿಕೊಂಡ ಬಳಿಕ ಅವಲಂಬಿತರಿಗೂ ಹಕ್ಕಿದೆ, ಮನೆಯವರಿಗೆ ಆ ಪೆಟ್ಟಿಗೆ ಎಲ್ಲಿದೆಯೆಂದು ಗೊತ್ತಿರಬೇಕು. ಕನ್ನಡ ಸಂಘಗಳ ವೈದ್ಯಕೀಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡದ ಜೊತೆ ಸ್ಪೈರೋಮೆಟ್ರಿಯ ಒಂದು ಮೇಜು ಹಾಕಿ, ಅರ್ಜಿಯಲ್ಲಿ ‘ಹಿಂದಿನ ಉದ್ಯೋಗ’ ಎಂಬ ಒಂದು ಸಾಲು ಸೇರಿಸಿದರೆ ಖರ್ಚು ದೊಡ್ಡದಾಗದು.

ಲೆಕ್ಕ ಸ್ಪಷ್ಟವಾಗಲೆಂದು ಒಂದು ಉದಾಹರಣೆ. 1985ರಲ್ಲಿ ಸೇರಿ 2020ರಲ್ಲಿ ನಿವೃತ್ತನಾದವನಿಗೆ 40 ವರ್ಷ ತುಂಬಿದ್ದು 2025ಕ್ಕೆ, ನಿವೃತ್ತಿಯ ಬಳಿಕದ 15 ವರ್ಷ ಮುಗಿಯುವುದು 2035ಕ್ಕೆ. ತಡವಾದದ್ದು ಎರಡನೆಯದು. ಹಾಗಾಗಿ ಅವನ ಆರೋಗ್ಯ ದಾಖಲೆ ಕಂಪನಿಯ ಬಳಿ 2035ರವರೆಗೆ ಇರಲೇಬೇಕು. ಅದರ ಪ್ರತಿ ಕೊಡಿ ಎಂದು ಲಿಖಿತವಾಗಿ, ಸ್ಪೀಡ್ ಪೋಸ್ಟ್‌ನಲ್ಲಿ ಕೇಳಿ, ಅಂಚೆ ರಸೀದಿಯನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು.